ಅರವತ್ತಕ್ಕೆ ಅರಳು ಮರಳು: ವಯಸ್ಸಿನ ಜೊತೆ ಗಾಳಿಗೂ ಪಾಲಿದೆ

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಈಗ 78. ಊರು ಚಿತ್ತಾಪುರ ತಾಲೂಕಿನಲ್ಲಿದೆ. ಎರಡು ವರ್ಷದಿಂದ ಪುಂಡಿಪಲ್ಯಕ್ಕೆ ಎರಡೆರಡು ಸಲ ಉಪ್ಪು ಬೀಳುತ್ತಿದೆ. ಬೆಳಿಗ್ಗೆ ಬಂದು ಹೋದ ಮಗಳನ್ನು ಸಂಜೆ "ಯಾವಾಗ ಬರ್ತಾಳ?" ಎಂದು ಕೇಳುತ್ತಾಳೆ. ಆದರೆ ರೊಟ್ಟಿ ಬಡಿಯಲು ಕೂತರೆ ಕೈ ಒಂದಿಷ್ಟೂ ತಪ್ಪುವುದಿಲ್ಲ. ಅದೇ ತೆಳು, ಅದೇ ದುಂಡು.

ಮನೆಯವರೆಲ್ಲ ಹೇಳುವುದು ಒಂದೇ ಮಾತು: "ವಯಸ್ಸಾತು. ಅರವತ್ತಕ್ಕ ಅರಳು ಮರಳು ಅಂತ ಹಿರಿಯರು ಸುಮ್ನೆ ಹೇಳ್ಯಾರೇನು?" ನಾನೂ ಹಾಗೇ ಅಂದುಕೊಂಡಿದ್ದೆ. ಈ ವಿಷಯ ಓದುತ್ತಾ ಹೋದಂತೆ ಆ ಗಾದೆ ಅರ್ಧ ಮಾತ್ರ ನಿಜ ಅನ್ನಿಸಿತು. ವಯಸ್ಸು ದೊಡ್ಡ ಕಾರಣ, ಹೌದು. ಆದರೆ ನಾವು ದಿನವೂ ಒಳಗೆಳೆದುಕೊಳ್ಳುವ ಗಾಳಿಗೂ ಮರೆವಿನಲ್ಲಿ ಪಾಲಿದೆ. ವಯಸ್ಸನ್ನು ತಡೆಯಲು ಆಗುವುದಿಲ್ಲ. ಗಾಳಿಯನ್ನು ಸರಿ ಮಾಡಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಆಯಿಯ ಮರೆವು ಹೊಗೆಯಿಂದಲೇ ಬಂತು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಲಕ್ಷಾಂತರ ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಗಾಳಿಯ ಪಾಲು ಕಣ್ಣಿಗೆ ಬೀಳುತ್ತದೆ. ಬೀಡಿ ಸೇದಿಯೂ 90 ವರ್ಷ ಬದುಕಿದ ಮುತ್ಯಾ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಅದರಿಂದ ಬೀಡಿ ಒಳ್ಳೆಯದು ಅಂತ ಆಗುವುದಿಲ್ಲ, ಅಲ್ವಾ? ಗಾಳಿಯ ಲೆಕ್ಕವೂ ಹಾಗೇ.

ಕಾಣುವ ಧೂಳು, ಕಾಣದ ಧೂಳು

ಕಲಬುರಗಿ ಜಿಲ್ಲೆಯವರಿಗೆ ಧೂಳಿನ ಪರಿಚಯ ಮಾಡಿಕೊಡಬೇಕಿಲ್ಲ. ಶಹಾಬಾದಿನ ಫರ್ಶಿ ಗಣಿಗಳು, ವಾಡಿ, ಸೇಡಂ, ಮಳಖೇಡದ ಕಡೆಯ ಸಿಮೆಂಟ್ ಕಾರ್ಖಾನೆಗಳು, ನಗರದ ದಾಲ್ ಮಿಲ್ಲುಗಳು, ಸುಗ್ಗಿಯಲ್ಲಿ ತೊಗರಿ ರಾಶಿ, ಬೇಸಿಗೆಯಲ್ಲಿ ಸುಂಟರಗಾಳಿ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಮಾಲಿನ್ಯ ಅಂದರೆ ಇದೇ ಎಂದು ನಾವು ತಿಳಿದಿದ್ದೇವೆ. ಆದರೆ ಮೆದುಳಿಗೆ ಹೆಚ್ಚು ಕಾಟ ಕೊಡುವುದು ಕಟ್ಟೆಯ ಮೇಲೆ ಕೂತ ಈ ಧೂಳಲ್ಲ. ಕೂರದೆ ಗಾಳಿಯಲ್ಲೇ ತೇಲುತ್ತಿರುವ, ಕಣ್ಣಿಗೆ ಕಾಣದ ಕಣಗಳು.

ದಾಲ್ ಮಿಲ್ಲಿನ ಜರಡಿಗಳನ್ನು ನೆನಪು ಮಾಡಿಕೊಳ್ಳಿ. ಮೇಲಿನ ಜರಡಿಯಲ್ಲಿ ಇಡೀ ಕಾಳು ನಿಲ್ಲುತ್ತದೆ. ಅದರ ಕೆಳಗೆ ಬೇಳೆ. ಇನ್ನೂ ಕೆಳಗೆ ನುಚ್ಚು. ಹಿಟ್ಟಿನಂಥ ಪುಡಿ ಮಾತ್ರ ಎಲ್ಲವನ್ನೂ ದಾಟಿ ಬೀಳುತ್ತದೆ. ನಮ್ಮ ದೇಹದಲ್ಲೂ ಇಂಥ ಜರಡಿಗಳಿವೆ. ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ಹಿಡಿಯುತ್ತವೆ. 10 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೋಮೀಟರ್) ಆಸುಪಾಸಿನದು ಗಂಟಲು, ಶ್ವಾಸನಾಳದವರೆಗೆ ಹೋಗುತ್ತದೆ. ಅದರ ಬಹುಪಾಲನ್ನು ಕೆಮ್ಮಿ, ಕಫದ ಜೊತೆ ಹೊರಹಾಕುತ್ತೇವೆ. 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ. ಇದನ್ನೇ ಪಿಎಂ 2.5 ಎನ್ನುವುದು. ಇಂಥ 20 ಕಣಗಳನ್ನು ಸಾಲಾಗಿ ಇಟ್ಟರೂ ಒಂದು ತಲೆಗೂದಲಿನ ದಪ್ಪ ದಾಟುವುದಿಲ್ಲ. ಇನ್ನೂ ಸಣ್ಣವೂ ಇವೆ. 0.1 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳಲ್ಲಿ ಕೆಲವು ಗಾಳಿಚೀಲದ ಗೋಡೆಯನ್ನೂ ದಾಟಿ ರಕ್ತಕ್ಕೆ ಸೇರುತ್ತವೆ.

ಇವು ಎಲ್ಲಿಂದ ಬರುತ್ತವೆ? ಒಡೆದರೆ, ಅರೆದರೆ, ಗುಡಿಸಿದರೆ ಏಳುವುದು ಬಹುಪಾಲು ದಪ್ಪ ಧೂಳು. ಸುಟ್ಟರೆ ಹುಟ್ಟುವುದು ಸಣ್ಣ ಕಣ. ಡೀಸೆಲ್, ಕಲ್ಲಿದ್ದಲು, ಕಟಗಿ, ಕುಳ್ಳು, ಕಸ, ಕಬ್ಬಿನ ರವದಿ, ಯಾವುದನ್ನು ಸುಟ್ಟರೂ ಅಷ್ಟೇ. ಸಿಮೆಂಟ್ ಕಾರ್ಖಾನೆಯಲ್ಲಿ ಇವೆರಡೂ ಇವೆ. ಸುಣ್ಣದ ಕಲ್ಲು ಒಡೆಯುವಾಗ ದಪ್ಪ ಧೂಳು. ಅದೇ ಕಲ್ಲನ್ನು ಸುಮಾರು 1,450 ಡಿಗ್ರಿ ಬಿಸಿಯ ಗೂಡಿನಲ್ಲಿ ಬೇಯಿಸಲು ಇಂಧನ ಉರಿಸುವಾಗ ಸಣ್ಣ ಕಣ ಮತ್ತು ಅನಿಲ. ಆ ಅನಿಲಗಳ ಕಥೆ ಚಿಮಣಿಯ ಬಾಯಲ್ಲಿ ಮುಗಿಯುವುದಿಲ್ಲ. ಗಂಧಕ, ಸಾರಜನಕದ ಅನಿಲಗಳು ಗಾಳಿಯಲ್ಲಿ ಸಾಗುತ್ತಲೇ ಬೇರೆ ವಸ್ತುಗಳ ಜೊತೆ ಕೂಡಿ ಹೊಸ ಕಣಗಳಾಗುತ್ತವೆ. ಹೀಗಾಗಿ ಕಾರ್ಖಾನೆ, ಹೆದ್ದಾರಿ ಯಾವುದೂ ಇಲ್ಲದ ಊರಿನ ಗಾಳಿಯಲ್ಲೂ ಅವು ಸಿಗುತ್ತವೆ.

ಕೋಟೆಯ ಒಳಗೆ ಹೋಗುವ ದಾರಿ

ಮೆದುಳಿನ ತೂಕ ಸುಮಾರು 1.4 ಕಿಲೋ, ದೇಹದ ತೂಕದ ಶೇಕಡಾ 2ರಷ್ಟು. ಆದರೆ ನಾವು ಉಸಿರಾಡಿದ ಆಮ್ಲಜನಕದ ಶೇಕಡಾ 20ರಷ್ಟನ್ನು ಅದೊಂದೇ ಬಳಸುತ್ತದೆ. ಇಷ್ಟು ರಕ್ತ ಹರಿಯುವ ಜಾಗಕ್ಕೆ ಕಾವಲು ಬೇಕಲ್ಲ. ಬೀದರ್ ಕೋಟೆಗೆ ಹೋದವರು ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ನೋಡಿರುತ್ತೀರಿ. ಮೆದುಳಿನ ರಕ್ತನಾಳಗಳ ಸುತ್ತ ಅಂಥದ್ದೇ ಬಿಗಿ ಏರ್ಪಾಡು ಇದೆ. ನಾಳದ ಗೋಡೆಯ ಕೋಶಗಳು ಒಂದಕ್ಕೊಂದು ಎಷ್ಟು ಒತ್ತಾಗಿ ಕೂತಿವೆ ಎಂದರೆ ರಕ್ತದಲ್ಲಿರುವ ಬಹುಪಾಲು ವಸ್ತುಗಳಿಗೆ ಒಳಗೆ ಪ್ರವೇಶವಿಲ್ಲ.

ಆದರೆ ಕೋಟೆಗೊಂದು ದಿಡ್ಡಿ ಬಾಗಿಲು ಇದ್ದೇ ಇರುತ್ತದೆ. ಮೆದುಳಿಗೆ ಅದು ಮೂಗು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿವೆ. ಅವುಗಳ ಒಂದು ತುದಿ ಹೊರಗಿನ ಗಾಳಿಗೆ ತೆರೆದಿದೆ, ಇನ್ನೊಂದು ತುದಿ ನೇರವಾಗಿ ಮೆದುಳಿನಲ್ಲಿದೆ. ತೀರ ಸಣ್ಣ ಕಣಗಳು ಈ ನರದ ಗುಂಟ ಮೆದುಳಿಗೆ ಸಾಗುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ನೋಡಿದ್ದಾರೆ. ಅಲ್ಜೈಮರ್ ಕಾಯಿಲೆಯಲ್ಲಿ ಮರೆವು ಕಾಣುವ ಮೊದಲೇ ವಾಸನೆ ಗುರುತಿಸುವ ಶಕ್ತಿ ಕುಂದುವುದುಂಟು.

2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹೆರ್ ಮತ್ತು ಜೊತೆಗಾರರು ಒಂದು ವರದಿ ಪ್ರಕಟಿಸಿದರು. ಮೆಕ್ಸಿಕೋ ನಗರ ಮತ್ತು ಮ್ಯಾಂಚೆಸ್ಟರ್‌ನಲ್ಲಿ ತೀರಿಕೊಂಡ 37 ಜನರ ಮೆದುಳಿನ ಅಂಶವನ್ನು ಅವರು ಪರೀಕ್ಷಿಸಿದ್ದರು. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು ಸಿಕ್ಕವು. ದೇಹ ತಾನೇ ತಯಾರಿಸುವ ಮ್ಯಾಗ್ನೆಟೈಟ್ ಹರಳಿನಂತೆ ಕೋನ ಕೋನವಾಗಿರುತ್ತದೆ. ಇಲ್ಲಿ ಸಿಕ್ಕವುಗಳಲ್ಲಿ ಹೆಚ್ಚಿನವು ಗುಂಡಗಿದ್ದವು. ಕಬ್ಬಿಣ ತುಂಬ ಬಿಸಿಯಲ್ಲಿ ಕರಗಿ, ತಣ್ಣಗಾದಾಗ ಬರುವ ಆಕಾರ ಅದು. ಎಂಜಿನ್ನು, ಬ್ರೇಕು, ಕುಲುಮೆಗಳ ಹತ್ತಿರ ಹುಟ್ಟುವಂಥದ್ದು. ನನ್ನನ್ನು ಈ ವಿಷಯದೊಳಗೆ ಎಳೆದದ್ದು ಈ ಗುಂಡು ಕಣಗಳೇ. ಹೆದ್ದಾರಿಯ ಹೊಗೆ ನೆನಪು ಕೂತಿರುವ ಜಾಗಕ್ಕೇ ಹೋಗಿ ಕೂರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಣ ಮೆದುಳಿಗೆ ಹೋಗದೆಯೂ ಹಾನಿ ಆಗುತ್ತದೆ. ಶ್ವಾಸಕೋಶದಲ್ಲಿ ಕಣ ಕೂತಾಗ ದೇಹ ಅದನ್ನು ಶತ್ರು ಎಂದು ಹೋರಾಡುತ್ತದೆ. ಗಾಯವಾದ ಜಾಗ ಕೆಂಪಾಗಿ ಊದುತ್ತದಲ್ಲ, ಅಂಥದ್ದೇ ಉರಿಯೂತ ಒಳಗೆ ಶುರುವಾಗುತ್ತದೆ. ಅದರ ರಾಸಾಯನಿಕಗಳು ರಕ್ತದ ಜೊತೆ ಊರೆಲ್ಲ ಸುತ್ತುತ್ತವೆ. ರಕ್ತನಾಳ ಬಿರುಸಾಗುತ್ತದೆ, ಬಿಪಿ ಏರುತ್ತದೆ. ಮೆದುಳಿನ ಸಣ್ಣ ನಾಳಗಳು ಅಲ್ಲಲ್ಲಿ ಕಟ್ಟಿಕೊಳ್ಳುತ್ತವೆ. ಕೈಕಾಲು ಬೀಳುವಂಥ ದೊಡ್ಡ ಪಾರ್ಶ್ವವಾಯು ಆಗದೆ, ಯಾರಿಗೂ ಗೊತ್ತಾಗದ ಚಿಕ್ಕ ಚಿಕ್ಕ ಪೆಟ್ಟುಗಳು ಬೀಳುತ್ತಾ ಹೋಗುತ್ತವೆ. ವರ್ಷಗಳ ನಂತರ ಅವೇ ಸೇರಿ ಮರೆವಾಗುತ್ತವೆ.

ಮೆದುಳಿನ ಒಳಗೂ ಕಾವಲುಗಾರರಿದ್ದಾರೆ. ಮೈಕ್ರೋಗ್ಲಿಯಾ ಎಂದು ಆ ಕೋಶಗಳ ಹೆಸರು. ಕಸ ಗುಡಿಸುವುದು, ರೋಗಾಣು ಹಿಡಿಯುವುದು ಅವುಗಳ ಕೆಲಸ. ಆಗೊಮ್ಮೆ ಈಗೊಮ್ಮೆ ಕೆಲಸ ಬಿದ್ದರೆ ಮುಗಿಸಿ ಸುಮ್ಮನಾಗುತ್ತವೆ. ದಿನವೂ, ವರ್ಷವೂ ಕೆರಳಿಸುತ್ತಲೇ ಇದ್ದರೆ ಸುಮ್ಮನಾಗುವುದೇ ಇಲ್ಲ. ಆಗ ಪಕ್ಕದ ಒಳ್ಳೆಯ ನರಕೋಶಗಳಿಗೂ ಏಟು ಬೀಳುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತೀರಿಕೊಂಡ ಒಬ್ಬ ಹೆಣ್ಣುಮಗಳ ಮೆದುಳಿನಲ್ಲಿ ಕಂಡ ಗಂಟು, ಸಿಕ್ಕುಗಳನ್ನು ಮೊದಲ ಸಲ ವಿವರಿಸಿದರು. ಗಂಟಿನಲ್ಲಿರುವುದು ಅಮಿಲಾಯ್ಡ್, ಸಿಕ್ಕಿನಲ್ಲಿರುವುದು ಟಾವ್ ಎಂಬ ಪ್ರೋಟೀನು. ಹೊಗೆಯಲ್ಲಿ ಇಟ್ಟ ಇಲಿಗಳ ಮೆದುಳಿನಲ್ಲಿ ಉರಿಯೂತದ ಜೊತೆ ಅಮಿಲಾಯ್ಡ್ ಹೆಚ್ಚಾಗುವುದನ್ನು ಈಗಿನ ಪ್ರಯೋಗಗಳು ತೋರಿಸಿವೆ. ಮೆಕ್ಸಿಕೋ ನಗರದ ನಾಯಿಗಳ ಮೆದುಳಿನಲ್ಲೂ ಇದೇ ಥರದ ಗುರುತು ಸಿಕ್ಕಿದ್ದವು. ಅದನ್ನು 2000ದ ದಶಕದ ಆರಂಭದಲ್ಲೇ ಹೇಳಿದವರು ಲಿಲಿಯನ್ ಕಾಲ್ಡೆರೋನ್ ಗಾರ್ಸಿದುಯೆನ್ಯಾಸ್ ಎಂಬ ಸಂಶೋಧಕಿ.

ಇದೇ ಗಾಳಿ ಹರೆಯದವರೂ ಕುಡಿಯುತ್ತಾರಲ್ಲ, ಹಿರಿಯರಿಗೇ ಏಕೆ ಪೆಟ್ಟು? ವಯಸ್ಸಾದಂತೆ ಕೋಟೆಯ ಗೋಡೆಯಲ್ಲಿ ಸಂದು ಬಿಡುತ್ತದೆ. ಕಾವಲು ಕೋಶಗಳು ಬೇಗ ಕೆರಳುತ್ತವೆ, ತಡವಾಗಿ ತಣಿಯುತ್ತವೆ. ಮೆದುಳಿನ ಕಸ ತೊಳೆದು ಹೋಗುವ ಕೆಲಸ ಗಾಢ ನಿದ್ದೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಹಿರಿಯರಿಗೆ ಆ ನಿದ್ದೆಯೇ ಕಡಿಮೆ. ಅದರ ಮೇಲೆ ಬಿಪಿ, ಶುಗರ್. ಆದರೆ ಕಾಯಿಲೆ ಕಾಣಿಸಿಕೊಳ್ಳುವ 15–20 ವರ್ಷ ಮೊದಲೇ ಒಳಗೆ ಬದಲಾವಣೆ ಶುರುವಾಗಿರುತ್ತದೆ. 70ಕ್ಕೆ ಕಾಣುವ ಮರೆವಿನ ಬೇರು 50ರಲ್ಲಿ ಇಳಿದಿರುತ್ತದೆ. ಈಗ 45 ದಾಟಿದವರು ಇದನ್ನು ಆಯಿ, ಮುತ್ಯಾರ ಸಮಸ್ಯೆ ಎಂದು ಬದಿಗಿಡಬೇಡಿ.

ಆಯಿಯ ರೊಟ್ಟಿ ಏಕೆ ಕೆಡಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅಲ್ಜೈಮರ್ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು. ಇವತ್ತು ನಡೆದದ್ದನ್ನು ನೆನಪಾಗಿ ಕೂಡಿಡುವುದು ಅದರ ಕೆಲಸ. ಕೈಗೆ ರೂಢಿಯಾದ ಕೆಲಸದ ನೆನಪು ಮೆದುಳಿನ ಬೇರೆ ಭಾಗಗಳಲ್ಲಿದೆ. ಅದು ಬಹಳ ಕಾಲ ಉಳಿಯುತ್ತದೆ.

ಅಂಕಿಗಳನ್ನು ಹೇಗೆ ಓದುವುದು

ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ (ಅಲ್ಜೈಮರ್ ಸೇರಿ ಮರೆವಿನ ಕಾಯಿಲೆಗಳು) ಇದೆ ಎಂದು ಲಾಸಿ–ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಜಾಸ್ತಿ.

ಡಿಮೆನ್ಷಿಯಾ ತಡೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2020ರಲ್ಲಿ ವಾಯುಮಾಲಿನ್ಯವನ್ನು ಕಾರಣಗಳ ಪಟ್ಟಿಗೆ ಸೇರಿಸಿತು. 2024ರ ವರದಿಯಲ್ಲಿ ಇಂಥ 14 ಕಾರಣಗಳಿವೆ. ಎಲ್ಲವನ್ನೂ ಸರಿಪಡಿಸಿದರೆ ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಅದರಲ್ಲಿ ಗಾಳಿಯ ಪಾಲು ಶೇಕಡಾ 3. ಇಷ್ಟೇನಾ ಅನ್ನಿಸಬಹುದು. ಆದರೆ ಮಾಲಿನ್ಯ ಬಿಪಿಯನ್ನೂ ಏರಿಸುತ್ತದೆ. ಆ ಬಿಪಿ ಇದೇ ಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿ ಕೂತಿದೆ.

2025ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಜಗತ್ತಿನ 51 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಟ್ಟು 2.9 ಕೋಟಿ ಜನರ ಮಾಹಿತಿ. ಗಾಳಿಯಲ್ಲಿ ಪಿಎಂ 2.5 ಪ್ರತಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಾದರೆ ಡಿಮೆನ್ಷಿಯಾದ ಅಪಾಯ ಶೇಕಡಾ 17 ಏರುತ್ತದೆ ಎಂಬುದು ಅವರಿಗೆ ಕಂಡದ್ದು. ಇದನ್ನು ತಪ್ಪಾಗಿ ಓದಬೇಡಿ. ನೂರಕ್ಕೆ 17 ಜನರಿಗೆ ಮರೆವು ಬರುತ್ತದೆ ಎಂದಲ್ಲ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಒಂದು ಕಡೆ 1,000 ಹಿರಿಯರಲ್ಲಿ 70 ಜನರಿಗೆ ಕಾಯಿಲೆ ಬರುತ್ತಿದ್ದರೆ, ಗಾಳಿ ಅಷ್ಟು ಕೆಟ್ಟಾಗ ಆ ಸಂಖ್ಯೆ ಸುಮಾರು 82 ಆಗುತ್ತದೆ. 12 ಮನೆಗಳು ಹೆಚ್ಚು. ಮರೆವಿನವರನ್ನು ನೋಡಿಕೊಂಡ ಮನೆಗೆ ಗೊತ್ತು, ಒಂದು ಮನೆ ಹೆಚ್ಚಾದರೂ ಎಷ್ಟು ಭಾರ ಎಂದು.

ಕೆನಡಾದ ಒಂಟಾರಿಯೊದಲ್ಲಿ 66 ಲಕ್ಷ ಜನರನ್ನು ಗಮನಿಸಿ 2017ರಲ್ಲಿ ಬಂದ ಅಧ್ಯಯನವೂ ಇದೇ ದಿಕ್ಕು ತೋರಿಸುತ್ತದೆ. ದೊಡ್ಡ ರಸ್ತೆಯಿಂದ 50 ಮೀಟರ್ ಒಳಗೆ ವಾಸಿಸುವವರಿಗೆ ಡಿಮೆನ್ಷಿಯಾದ ಅಪಾಯ ಶೇಕಡಾ 7 ಹೆಚ್ಚಿತ್ತು. ದೂರ ಹೋದಂತೆ ಅದು ಇಳಿಯಿತು. ಇಂಥ ಅಧ್ಯಯನಗಳ ಮೇಲೆ ಒಂದು ನ್ಯಾಯವಾದ ಪ್ರಶ್ನೆ ಇದೆ. ರಸ್ತೆ ಬದಿಯವರಿಗೆ ಗದ್ದಲ, ಬಡತನ, ನಿದ್ದೆಗೇಡು ಎಲ್ಲ ಇರಬಹುದಲ್ಲ? ಅದನ್ನೆಲ್ಲ ಲೆಕ್ಕದಿಂದ ಬೇರ್ಪಡಿಸಲು ಸಂಶೋಧಕರು ಪ್ರಯತ್ನಿಸುತ್ತಾರೆ, ಪೂರ್ತಿ ಆಗುವುದಿಲ್ಲ. ಆದರೂ ಇಲಿಯ ಪ್ರಯೋಗ, ಮೆದುಳಿನ ಪರೀಕ್ಷೆ, ಬೇರೆ ಬೇರೆ ದೇಶಗಳ ಲೆಕ್ಕ ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಇನ್ನೊಂದು ಸಾಕ್ಷಿ ನನಗೆ ತುಂಬ ಧೈರ್ಯ ಕೊಟ್ಟಿತು. ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಗಾಳಿ ಹೆಚ್ಚು ಸುಧಾರಿಸಿದ ಜಾಗಗಳಲ್ಲಿ ಇದ್ದವರಿಗೆ ಡಿಮೆನ್ಷಿಯಾ ಕಡಿಮೆ ಬಂದಿತ್ತು. ಅಂದರೆ 70 ದಾಟಿದ ಮೇಲೂ ಗಾಳಿ ಸರಿಯಾದರೆ ಲಾಭವಿದೆ.

ಅಡುಗೆಮನೆಯ ಹೊಗೆ

ಈಗ ನಮ್ಮ ಮನೆಯೊಳಗೆ ಬರೋಣ. ನಮ್ಮ ಜಿಲ್ಲೆ ತೊಗರಿಯ ಕಣಜ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ವಿಶೇಷ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕಾಳು ಮಿಲ್ಲಿಗೆ ಹೋಗುತ್ತದೆ, ತೊಗರಿ ಕಟಗಿ ಒಲೆಗೆ ಬರುತ್ತದೆ. ರಾಶಿ ಮುಗಿದ ಮೇಲೆ ಮನೆಯ ಹಿಂದೆ ಒಟ್ಟಿದ ಆ ಬಣವೆ ವರ್ಷವಿಡೀ ನಡೆಯುತ್ತದೆ. ಆಯಿ ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಎರಡು ಹೊತ್ತು ಆ ಒಲೆಯ ಮುಂದೆ ಕೂತಿದ್ದಾಳೆ. ಗೋಡೆ ಫರ್ಶಿಯದು, ಒಂದು ಚಿಕ್ಕ ಬೆಳಕಿಂಡಿ, ಅದಕ್ಕೂ ಮಸಿ. ರೊಟ್ಟಿ ಬೇಯಿಸುವವರು ದೂರ ನಿಲ್ಲುವಂತಿಲ್ಲ. ಕೂತಲ್ಲೇ, ಬಗ್ಗಿ, ಮುಖದ ಎದುರಿಗೇ ಉರಿ. ಉರಿ ಕುಂದಿದರೆ ಊದುಗೊಳವೆ. ಊದಿ ಮೇಲೆದ್ದಾಗ ಎಳೆದುಕೊಳ್ಳುವ ಆ ಆಳವಾದ ಉಸಿರು ಹೊಗೆಯದೇ.

ಇಡೀ ನಗರದ ಗಾಳಿ ಅಳೆಯುವ ಯಂತ್ರಕ್ಕೆ ಈ ಹೊಗೆ ಕಾಣುವುದಿಲ್ಲ. 2017–18ರಲ್ಲಿ ದೇಶದ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಲಾಸಿ ಸಮೀಕ್ಷೆಯಲ್ಲಿ ಮಾತ್ರ ಅದು ಕಂಡಿದೆ. ಕಟಗಿ, ಕುಳ್ಳು ಉರಿಸುವ ಮನೆಗಳ ಹಿರಿಯರು ನೆನಪು, ಲೆಕ್ಕ, ಗಮನದ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದಿದ್ದರು. ವ್ಯತ್ಯಾಸ ಹೆಂಗಸರಲ್ಲಿ ಎದ್ದು ಕಂಡಿತು. ಒಲೆಯ ಮುಂದೆ ಕೂತವರು ಅವರೇ ತಾನೆ.

ಬಡವರ ಮನೆಗೆ ಅಡುಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಬಂದಿತು. ನಮ್ಮಲ್ಲೂ ಗ್ಯಾಸ್ ಇದೆ. ಚಹಾ, ಸಾರು ಅದರ ಮೇಲೆ ಆಗುತ್ತದೆ. ರೊಟ್ಟಿಗೆ ಮಾತ್ರ ಒಲೆಯೇ ಬೇಕು. "ಗ್ಯಾಸಿನ ಮ್ಯಾಲ ಉಬ್ಬಂಗಿಲ್ಲ" ಎನ್ನುತ್ತಾಳೆ ಆಯಿ. ಸಿಲಿಂಡರ್ ಬೇಗ ಮುಗಿಯುವ ಭಯವೂ ಇದೆ, ಕಟಗಿ ಪುಕ್ಕಟೆ. ಇದರಲ್ಲಿ ಹೆಂಗಸರ ತಪ್ಪು ಹುಡುಕುವುದು ಅನ್ಯಾಯ. ಮನೆಗೆ ಬೈಕು, ಟಿವಿ ಬಂದಾಗಲೂ ಅಡುಗೆಮನೆಗೆ ಒಂದು ದೊಡ್ಡ ಕಿಟಕಿ ಕೊರೆಸಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಊರಿನ ಗಾಳಿ ಯಾರ ಲೆಕ್ಕ?

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿ ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ನಾಲ್ಕಿವೆ: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಮತ್ತು ನಮ್ಮ ಕಲಬುರಗಿ. ಆದರೆ ಕಾರ್ಯಕ್ರಮದಲ್ಲಿ ನಗರಗಳ ಸಾಧನೆ ಅಳೆಯುವುದು ಮುಖ್ಯವಾಗಿ ಪಿಎಂ 10, ಅಂದರೆ ದಪ್ಪ ಧೂಳಿನ ಲೆಕ್ಕದಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಮಾಡಿದ ಪರಿಶೀಲನೆಯ ಪ್ರಕಾರ, ದೇಶದಲ್ಲಿ ಈ ಕಾರ್ಯಕ್ರಮದ ಹಣದ ಶೇಕಡಾ 64ರಷ್ಟು ಹೋದದ್ದು ರಸ್ತೆ ಧೂಳಿನ ಕೆಲಸಕ್ಕೆ. ರಸ್ತೆಗೆ ನೀರು ಹೊಡೆಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಧೂಳಿನಿಂದ ಕೆಮ್ಮು, ದಮ್ಮು ಬರುತ್ತದೆ. ಆದರೆ ಹಿರಿಯರ ಮೆದುಳಿಗೆ ಬೇಕಾದದ್ದು ಸುಡುವುದನ್ನು ಕಡಿಮೆ ಮಾಡುವ ಕೆಲಸ: ಕಸಕ್ಕೆ ಬೆಂಕಿ, ಹಳೆಯ ಡೀಸೆಲ್ ಗಾಡಿ, ಚಿಮಣಿ, ಒಲೆ.

ಮಾನದಂಡದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 5 ಮೈಕ್ರೋಗ್ರಾಂಗೆ ಇಳಿಸಿತು. ಭಾರತದ ಮಿತಿ 2009ರಲ್ಲಿ ಇಟ್ಟದ್ದು, 40. ಹೀಗಾಗಿ ನಮ್ಮ ಗಾಳಿ ಸೂಚ್ಯಂಕದಲ್ಲಿ "ತೃಪ್ತಿಕರ" ಎಂದು ಕಾಣುವ ಗಾಳಿ ಮೆದುಳಿಗೆ ತೃಪ್ತಿಕರ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಗಾಳಿ ಅಳೆಯುವ ಯಂತ್ರಗಳಿವೆ. ಕೇಂದ್ರ ಮಾಲಿನ್ಯ ಮಂಡಳಿಯ "ಸಮೀರ್" ಆ್ಯಪ್‌ನಲ್ಲಿ ನೋಡಬಹುದು. ಅಲ್ಲಿ ಒಟ್ಟು ಸೂಚ್ಯಂಕದ ಜೊತೆ ಪಿಎಂ 2.5 ಎಷ್ಟಿದೆ ಎಂಬುದನ್ನೂ ನೋಡಿ.

ಕೈಲಾಗುವ ಕೆಲಸ

ಚಳಿಗಾಲದಲ್ಲಿ ನಮ್ಮ ಹಿರಿಯರು ಬೆಳಗಿನ 5 ಗಂಟೆಗೇ ಶರಣಬಸವೇಶ್ವರ ಕೆರೆಯ ಕಡೆ ವಾಕಿಂಗ್ ಹೊರಡುತ್ತಾರೆ. ಗಾಳಿ ತಾಜಾ ಇರುತ್ತದೆ ಎಂಬ ನಂಬಿಕೆ. ಚಳಿಯಲ್ಲಿ ಅದು ಉಲ್ಟಾ. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ರಾತ್ರಿಯ ಹೊಗೆಯೆಲ್ಲ ಕೆಳಗೇ ಸಿಕ್ಕಿಬಿದ್ದಿರುತ್ತದೆ. ಬಿಸಿಲು ಬಿದ್ದು ಮುಚ್ಚಳ ಸರಿದ ಮೇಲೆ ಹೋಗುವುದು ಒಳ್ಳೆಯದು. ವಾಕಿಂಗ್ ಬಿಡಬೇಡಿ, ಅದು ಮೆದುಳಿಗೆ ಬಹಳ ಬೇಕು. ಹೊತ್ತು ಬದಲಿಸಿ, ದೊಡ್ಡ ರಸ್ತೆ ಬಿಟ್ಟು ಒಳಗಿನ ಓಣಿ ಹಿಡಿಯಿರಿ.

ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದಿನಕಡ್ಡಿ, ಲೋಬಾನ ಹಚ್ಚಿ ಹಿರಿಯರನ್ನು ಮಲಗಿಸಬೇಡಿ. ಅವೂ ಸಣ್ಣ ಕಣವನ್ನೇ ಬಿಡುತ್ತವೆ. ಸೊಳ್ಳೆಪರದೆ ಸಾಕು. ಹೊಗೆ, ಧೂಳಿನಲ್ಲಿ ಕೆಲಸ ಇದ್ದರೆ ಟವೆಲ್ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಬಿಪಿ, ಶುಗರ್ ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು, ಕಿವಿ ಕೇಳದಿದ್ದರೆ ಯಂತ್ರ ಹಾಕಿಸುವುದು, ಇವೂ ಗಾಳಿಯ ಪೆಟ್ಟನ್ನು ಮೆದುಳು ತಡೆದುಕೊಳ್ಳಲು ನೆರವಾಗುತ್ತವೆ.

ಮರೆವು ಕಂಡರೆ ವಯಸ್ಸು ಎಂದು ಸುಮ್ಮನಿರಬೇಡಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಮಾಮೂಲು. ಗೊತ್ತಿದ್ದ ಓಣಿಯಲ್ಲೇ ದಾರಿ ತಪ್ಪುವುದು, ಹಣದ ಲೆಕ್ಕ ಕೈಬಿಡುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು ತೋರಿಸಬೇಕಾದ ಲಕ್ಷಣ. ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಕುಗ್ಗುವಿಕೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ. ಎರಡು ಮೂರು ದಿನದಲ್ಲಿ ಏಕಾಏಕಿ ಗೊಂದಲ ಶುರುವಾದರೆ ಅದು ಬೇರೆಯೇ ತುರ್ತು, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹಿರಿಯರ ಸಹಾಯವಾಣಿ 14567.

ನಮ್ಮ ಮನೆಯಲ್ಲಿ ಹೋದ ದೀಪಾವಳಿಗೆ ಒಲೆಯನ್ನು ಹಿತ್ತಲಿಗೆ ಒಯ್ದೆವು. ಬೇವಿನ ಮರದ ಕೆಳಗೆ, ಮೂರು ಕಡೆ ತೆರೆದ ಒಂದು ಚಪ್ಪರ. ಮೊದಲ ವಾರ ಆಯಿಗೆ ಸಿಟ್ಟು. ಈಗಲೂ ಕೆಲವು ದಿನ ಹಿಟ್ಟು ಹಿಡಿದುಕೊಂಡು ಹಳೆಯ ಅಡುಗೆಮನೆಗೇ ಹೋಗಿ, ಖಾಲಿ ಮೂಲೆ ನೋಡಿ ನಿಲ್ಲುತ್ತಾಳೆ. ಅವ್ವ ಕೈಹಿಡಿದು ಹೊರಗೆ ಕರೆತರುತ್ತಾಳೆ. ಕೂತು ಹಿಟ್ಟಿಗೆ ಕೈ ಹಚ್ಚಿದ ಮೇಲೆ ಮತ್ತೇನೂ ಹೇಳಿಕೊಡಬೇಕಿಲ್ಲ.